ಕಲೆ ಎಣಿಸಿದವರು



ಕನ್ನಡದಲ್ಲಿ 'ಕಲೆ' ಎಂದರೆ ಚಿತ್ರ, ಶಿಲ್ಪ, ಸಂಗೀತ. ಬಿಳಿ ಪಂಚೆಯ ಮೇಲೆ ಹುಳಿ ಚೆಲ್ಲಿದರೆ ಉಳಿಯುವ ಗುರುತೂ ಕಲೆಯೇ. ಈ ಎರಡು ಅರ್ಥಗಳೂ ಒಟ್ಟಿಗೆ ಬರುವ ಒಂದು ರೋಗದ ಚರಿತ್ರೆಯನ್ನು ಈ ಸಲ ಬರೆಯುತ್ತಿದ್ದೇನೆ. ಅದು ಶುರುವಾಗುವುದು ಪ್ಯಾರಿಸಿನಲ್ಲಿ, ಒಬ್ಬ ವೈದ್ಯನ ಜಲವರ್ಣ ಚಿತ್ರದಿಂದ. ಆದರೆ ಅದರ ಈಚಿನ ಅಧ್ಯಾಯಗಳಲ್ಲಿ ಕೆಲವು ನಾವು ದಿನವೂ ಓಡಾಡುವ ರಸ್ತೆಗಳ ತುದಿಯಲ್ಲೇ ನಡೆದಿವೆ. ಫಾರ್ಮರ್ಸ್ ಬ್ರಾಂಚಿನಿಂದ 35ಇ ಹಿಡಿದು ದಕ್ಷಿಣಕ್ಕೆ ಹೊರಟರೆ ಹ್ಯಾರಿ ಹೈನ್ಸ್ ಬುಲೆವಾರ್ಡಿನಲ್ಲಿ ಯು.ಟಿ. ಸೌತ್‌ವೆಸ್ಟರ್ನ್ ಸಿಗುತ್ತದೆ. ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಆಸ್ಟಿನ್. 45ರಲ್ಲಿ ಇಳಿದರೆ ಹ್ಯೂಸ್ಟನ್. ಮಿದುಳಿನ ಬಿಳಿ ಕಲೆಗಳನ್ನು ಕಂಪ್ಯೂಟರಿನಿಂದ ಎಣಿಸುವ, ಅಳೆಯುವ ವಿದ್ಯೆಗೆ ಈ ಮೂರು ಊರುಗಳೂ ಒಂದೊಂದು ಪಾಲು ಕೊಟ್ಟಿವೆ.

ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಎಲ್ಲರೂ ಎಂ.ಎಸ್. ಎನ್ನುತ್ತಾರೆ. ನಮ್ಮ ನರತಂತುಗಳ ಮೇಲೆ ಕರೆಂಟಿನ ತಂತಿಗೆ ಇರುವ ಪ್ಲಾಸ್ಟಿಕ್ ಹೊದಿಕೆಯಂಥ ಒಂದು ಕೊಬ್ಬಿನ ಪದರವಿದೆ, ಹೆಸರು ಮೈಲಿನ್. ದೇಹವನ್ನು ಕಾಯಬೇಕಾದ ರಕ್ಷಣಾ ಪಡೆಯೇ ಈ ಹೊದಿಕೆಯ ಮೇಲೆ ಅಲ್ಲಲ್ಲಿ ಬಿದ್ದು ಅದನ್ನು ಕಿತ್ತುಹಾಕುತ್ತದೆ. ಕಿತ್ತುಹೋದ ಕಡೆ ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಅಲ್ಲೊಂದು ಗಾಯ, ಮಾಗಿದ ಮೇಲೆ ಒಂದು ಗಟ್ಟಿ ಕಲೆ.

1820ರ ದಶಕದ ಕೊನೆಯಿಂದ 1831ರವರೆಗೆ ರಾಬರ್ಟ್ ಕಾರ್ಸ್‌ವೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ ಪ್ಯಾರಿಸಿನ ಶವಾಗಾರಗಳಲ್ಲಿ ಕುಳಿತು ರೋಗಗ್ರಸ್ತ ಅಂಗಗಳ ಸುಮಾರು 2000 ಚಿತ್ರಗಳನ್ನು ಬರೆದ. 1838ರಲ್ಲಿ ಅಚ್ಚಾದ ಅವನ ಪುಸ್ತಕದ ಒಂದು ಫಲಕದಲ್ಲಿ ಬೆನ್ನುಹುರಿಯ ಮೇಲೆ ಕಂದು ಮಚ್ಚೆಗಳಿವೆ. ಬಹಳ ಚೆಂದದ ಚಿತ್ರ. ಆ ಮಚ್ಚೆ ಏನೆಂದು ಬರೆದವನಿಗೆ ಗೊತ್ತಿರಲಿಲ್ಲ. ಅದೇ ಕಾಲಕ್ಕೆ ಅದೇ ಊರಿನಲ್ಲಿ ಕ್ರುವೆಲಿಯೆ ಎಂಬಾತನೂ ಇಂಥವೇ ಮಚ್ಚೆಗಳನ್ನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಮಚ್ಚೆಗೂ ಬದುಕಿದ್ದ ಮನುಷ್ಯನ ನಡುಕ, ತೊದಲು, ಕಣ್ಣಿನ ಅದುರಾಟಕ್ಕೂ ಗಂಟು ಹಾಕಿದವನು ಶಾರ್ಕೊ. 1868ರಲ್ಲಿ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಉಪನ್ಯಾಸಗಳಲ್ಲಿ ಅವನು ಕೊಟ್ಟ ಫ್ರೆಂಚ್ ಹೆಸರಿನ ಅರ್ಥವೇ 'ಗಟ್ಟಿಗಟ್ಟಿದ ತೇಪೆಗಳು'. ಅವನ ಮನೆಗೆಲಸದ ಹೆಂಗಸಿಗೇ ಈ ರೋಗವಿತ್ತು, ಅವಳು ಸತ್ತ ಮೇಲೆ ಕೊಯ್ದು ನೋಡಿದಾಗ ಕಲೆಗಳು ಕಂಡವು ಎಂದು ಹೇಳುತ್ತಾರೆ.

ಗಮನಿಸಿ, ಸತ್ತ ಮೇಲೆ. ಸುಮಾರು ನೂರು ವರ್ಷ ಈ ರೋಗದ ಗತಿ ಇದೇ ಆಗಿತ್ತು. ಕಲೆಯನ್ನು ನೋಡಬೇಕಾದರೆ ತಲೆಬುರುಡೆ ತೆರೆಯಬೇಕು. ಬದುಕಿರುವವರ ವಿಷಯದಲ್ಲಿ ಬರೀ ಊಹೆ. ಅದರಲ್ಲೂ ಈ ರೋಗದ ನಡೆ ವಿಚಿತ್ರ. ಒಂದು ಕಣ್ಣು ಮಂಜಾಗಿ ಕೆಲವು ವಾರದಲ್ಲಿ ತಾನೇ ಸರಿಹೋಗುತ್ತದೆ. ವರ್ಷ ಕಳೆದ ಮೇಲೆ ಎಡಗಾಲು ಜೋಮು ಹಿಡಿದು ಅದೂ ಬಿಡುತ್ತದೆ. ಮೈಯೆಲ್ಲ ಹಿಂಡಿದಂಥ ಸುಸ್ತು, ಆದರೆ ಜ್ವರವಿಲ್ಲ. ರೋಗ ಬರುವುದು ಹೆಚ್ಚಾಗಿ ಹೆಂಗಸರಿಗೆ, ಅದೂ ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ. ವೈದ್ಯರ ಬಳಿ ಹೋಗುವ ಹೊತ್ತಿಗೆ ತೋರಿಸಲು ಏನೂ ಉಳಿದಿರುತ್ತಿರಲಿಲ್ಲ. ಎಷ್ಟು ಜನ 'ಹಿಸ್ಟೀರಿಯಾ' ಎಂಬ ಹಣೆಪಟ್ಟಿ ಹೊತ್ತು ಮನೆಗೆ ಮರಳಿದರೋ ಲೆಕ್ಕವಿಟ್ಟವರಿಲ್ಲ. ನಮ್ಮ ಕಡೆಯಾಗಿದ್ದರೆ 'ಗಾಳಿ ಸೋಕಿದೆ' ಎನ್ನುತ್ತಿದ್ದರು, ಅಥವಾ 'ಕೆಲಸಗಳ್ಳಿ'.

ಒಂದು ಪರೀಕ್ಷೆ ಇತ್ತು, ಕ್ರೂರವಾದದ್ದು. ಶ್ರಮಪಟ್ಟು ಮೈ ದಣಿದರೆ ರೋಗಿಯ ದೃಷ್ಟಿ ಕುಂದುತ್ತದೆ ಎಂಬುದನ್ನು 1890ರಲ್ಲಿ ಊಟಾಫ್ ಎಂಬ ಜರ್ಮನ್ ನೇತ್ರವೈದ್ಯ ಗಮನಿಸಿದ್ದ. ಮುಂದೆ ವೈದ್ಯರು ಶಂಕಿತ ರೋಗಿಗಳನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಕೈಕಾಲು ಸೋಲುತ್ತದೆಯೇ ಎಂದು ನೋಡತೊಡಗಿದರು. ಹೊದಿಕೆ ಕಳೆದುಕೊಂಡ ನರ ಬಿಸಿಯಲ್ಲಿ ಇನ್ನಷ್ಟು ಸೋಲುತ್ತದೆ, ಅಷ್ಟೇ ಸಂಗತಿ. ಟೆಕ್ಸಸ್ಸಿನ ಆಗಸ್ಟ್ ತಿಂಗಳು ಈ ಪರೀಕ್ಷೆಯನ್ನು ಎಲ್ಲರಿಗೂ ಪುಕ್ಕಟೆಯಾಗಿ ಮಾಡುತ್ತದೆ! ಡಾಲಸ್ಸಿನ ಸಂಶೋಧಕರೇ 2008ರಲ್ಲಿ, ನೀರಿನ ಕೊಳವೆಗಳನ್ನು ಹೆಣೆದ ಅಂಗಿ ತೊಡಿಸಿ ರೋಗಿಗಳ ಮೈಯನ್ನು ಹದವಾಗಿ ಬಿಸಿ ಮಾಡಿ, ಕಣ್ಣಿನ ಚಲನೆ ಎಷ್ಟು ನಿಧಾನವಾಗುತ್ತದೆ ಎಂದು ಅಳೆದು ತೋರಿಸಿದರು. ಸುಮಾರು 120 ವರ್ಷದ ಹಿಂದಿನ ಗಮನಿಕೆಗೆ ಅಂಕಿ ಸಿಕ್ಕಿದ್ದು ಹೀಗೆ.

1970ರ ದಶಕದಲ್ಲಿ ಬಂದ ಸಿ.ಟಿ. ಸ್ಕ್ಯಾನ್ ಈ ರೋಗದ ಮಟ್ಟಿಗೆ ಹೆಚ್ಚು ಕೆಲಸಕ್ಕೆ ಬರಲಿಲ್ಲ. ತಿರುವು ಬಂದದ್ದು 1981ರ ನವೆಂಬರಿನಲ್ಲಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಇಯಾನ್ ಯಂಗ್, ಗ್ರೇಮ್ ಬಿಡ್ಡರ್ ಮತ್ತವರ ಸಂಗಡಿಗರು ಹತ್ತು ಮಂದಿ ಎಂ.ಎಸ್. ರೋಗಿಗಳನ್ನು ಎರಡೂ ಯಂತ್ರಗಳಲ್ಲಿ ಮಲಗಿಸಿ ನೋಡಿದರು. ಸಿ.ಟಿ.ಯಲ್ಲಿ ಕಂಡ ಕಲೆಗಳು 19. ಹೊಸ ಕಾಂತೀಯ ಯಂತ್ರದಲ್ಲಿ ಆ 19ರ ಜೊತೆಗೆ ಇನ್ನೂ 112. 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಆ ಪುಟ್ಟ ಲೇಖನವನ್ನು ಈ ಚರಿತ್ರೆಯ ನಡುಗಂಬ ಎನ್ನಬೇಕು. ಮೊದಲ ಸಲ, ಬದುಕಿರುವ ಮನುಷ್ಯನ ಮಿದುಳಿನಲ್ಲಿ ಶಾರ್ಕೊನ ತೇಪೆಗಳು ಇಷ್ಟು ಸ್ಪಷ್ಟವಾಗಿ ಕಂಡವು.

ಎಂ.ಆರ್.ಐ. ನೋಡುವುದು ಮುಖ್ಯವಾಗಿ ನೀರನ್ನು. ನೀರಿನ ಹೈಡ್ರೋಜನ್ ಕಣಗಳನ್ನು ದೊಡ್ಡ ಅಯಸ್ಕಾಂತದೊಳಗೆ ಸಾಲು ನಿಲ್ಲಿಸಿ, ರೇಡಿಯೋ ಅಲೆಯಿಂದ ತಟ್ಟಿ, ಅವು ಮತ್ತೆ ಸಾಲಿಗೆ ಮರಳುವಾಗ ಹೊರಡಿಸುವ ದನಿಯನ್ನು ಕೇಳುತ್ತದೆ. ಮೈಲಿನ್ ಕೊಬ್ಬು, ಅದರೊಳಗೆ ನೀರು ಕಡಿಮೆ ಮತ್ತು ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಅದು ಹೋದ ಕಡೆ ಊತ ಬಂದು ನೀರು ತುಂಬುತ್ತದೆ, ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕಾರ್ಸ್‌ವೆಲ್ಲನ ಕಂದು ಮಚ್ಚೆ ಈಗ ಬಿಳಿ ಚುಕ್ಕೆಯಾಯಿತು.

ಕಾಣಿಸಿದ ಮೇಲೆ ಎಣಿಸಬೇಕು ಎನಿಸುವುದು ಮನುಷ್ಯ ಸಹಜ. ಎಣಿಸಲೇಬೇಕಾದ ಕಾರಣವೂ 1993ರಲ್ಲಿ ಬಂತು. ಆ ವರ್ಷ ಅಮೆರಿಕ ಸರ್ಕಾರ ಈ ರೋಗದ ನಡೆಯನ್ನು ಬದಲಿಸಬಲ್ಲ ಮೊದಲ ಔಷಧ ಇಂಟರ್‌ಫೆರಾನ್ ಬೀಟಾ-1ಬಿಗೆ ಒಪ್ಪಿಗೆ ಕೊಟ್ಟಿತು. 372 ರೋಗಿಗಳ ಪ್ರಯೋಗ ಅದು. ರೋಗ ಮರುಕಳಿಸುವುದು ಕಡಿಮೆಯಾಗಿತ್ತು, ನಿಜ. ಆದರೆ ಅಂಗವೈಕಲ್ಯದಲ್ಲಿ ಸ್ಪಷ್ಟ ವ್ಯತ್ಯಾಸ ಕಂಡಿರಲಿಲ್ಲ. ಅನುಮಾನಪಡುವವರನ್ನು ಒಪ್ಪಿಸಿದ್ದು ಕೆನಡಾದ ವ್ಯಾಂಕೂವರಿನಲ್ಲಿ ಡೊನಾಲ್ಡ್ ಪೇಟಿ ಮತ್ತು ಡೇವಿಡ್ ಲೀ ಅಳೆದ ಎಂ.ಆರ್.ಐ. ಚಿತ್ರಗಳು. ಹುಸಿ ಮದ್ದು ಪಡೆದವರ ಕಲೆಗಳು ಬೆಳೆದಿದ್ದವು, ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಬೆಳೆದಿರಲಿಲ್ಲ. ಔಷಧ ಸಾಲದೆ ಬಂದು, ಯಾರಿಗೆ ಮೊದಲು ಕೊಡುವುದೆಂದು ಲಾಟರಿ ಎತ್ತಬೇಕಾಯಿತು. ಅಲ್ಲಿಂದ ಮುಂದೆ ಪ್ರತಿಯೊಂದು ಹೊಸ ಔಷಧಕ್ಕೂ ಸಾವಿರಾರು ಸ್ಕ್ಯಾನ್‌ಗಳನ್ನು ಅಳೆದುಕೊಡುವವರು ಬೇಕಾದರು.

ಹ್ಯೂಸ್ಟನ್ ಬರುವುದು ಇಲ್ಲಿ. ಟೆಕ್ಸಸ್ ಮೆಡಿಕಲ್ ಸೆಂಟರಿನ ಫ್ಯಾನಿನ್ ರಸ್ತೆಯಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜೆರ್ರಿ ವೊಲಿನ್‌ಸ್ಕಿ ಎಂಬ ನರವೈದ್ಯರು, ಪೊನ್ನಾಡ ನಾರಾಯಣ ಎಂಬ ಎಂ.ಆರ್.ಐ. ವಿಜ್ಞಾನಿ ಜೊತೆಯಾದರು. ಒಬ್ಬರಿಗೆ ರೋಗ ಗೊತ್ತು, ಇನ್ನೊಬ್ಬರಿಗೆ ಯಂತ್ರ ಗೊತ್ತು. 1993ರಲ್ಲೇ ಎಡ್ವರ್ಡ್ ಜಾಕ್ಸನ್ ಅವರೊಂದಿಗೆ ಸೇರಿ ಇವರು ಪ್ರಕಟಿಸಿದ ಲೇಖನದ ವಿಷಯ ನೀರಸವಾಗಿ ಕೇಳಿಸಬಹುದು: ಕಲೆಗಳ ಗಾತ್ರವನ್ನು ಅಳೆದರೆ ಆ ಅಳತೆ ಎಷ್ಟು ನಿಖರ, ಮತ್ತೆ ಅಳೆದರೆ ಅದೇ ಉತ್ತರ ಬರುತ್ತದೆಯೇ? ನನ್ನ ಮಟ್ಟಿಗೆ ಇಡೀ ಚರಿತ್ರೆಯ ತಿರುಳೇ ಈ ಪ್ರಶ್ನೆ.

ಏಕೆಂದರೆ ಆಗ ಅಳೆಯುತ್ತಿದ್ದ ಬಗೆ ಹೀಗೆ. ಮಿದುಳಿನ ಚಿತ್ರವನ್ನು ಬ್ರೆಡ್ಡಿನಂತೆ ಹೋಳು ಮಾಡಿ ಪರದೆಯ ಮೇಲೆ ಇಡುತ್ತಾರೆ, ಒಂದೊಂದು ಹೋಳು ಮೂರೋ ಐದೋ ಮಿಲಿಮೀಟರ್ ದಪ್ಪ. ಒಬ್ಬರು ಮೌಸ್ ಹಿಡಿದು ಪ್ರತಿ ಹೋಳಿನ ಪ್ರತಿ ಚುಕ್ಕೆಯ ಸುತ್ತ ಗೆರೆ ಎಳೆಯಬೇಕು. ಕಲೆಯ ಅಂಚು ಎಲ್ಲಿ? ಹುಳಿಯ ಕಲೆಯ ಹಾಗೆಯೇ ಅದು ಒಳಗೆ ದಟ್ಟ, ಹೊರಗೆ ಮಸುಕು. ಒಬ್ಬರ ಕೈ ಉದಾರ, ಇನ್ನೊಬ್ಬರದು ಬಿಗಿ. ಬೆಳಿಗ್ಗೆ ಎಳೆದ ಗೆರೆಗೂ ಊಟವಾದ ಮೇಲೆ ಎಳೆದ ಗೆರೆಗೂ ಹೊಂದಿಕೆಯಿಲ್ಲ. ಹಿಂದೆ ಇಬ್ಬರು ಶ್ಯಾನುಭೋಗರು ಒಂದೇ ಗದ್ದೆಯನ್ನು ಅಳೆದರೆ ಎರಡು ಲೆಕ್ಕ ಬರುತ್ತಿತ್ತಲ್ಲ, ಹಾಗೆ. ಮೇಲಾಗಿ, ರೋಗಿ ವರ್ಷದ ನಂತರ ಮತ್ತೆ ಬಂದು ಮಲಗಿದಾಗ ತಲೆ ಕೊಂಚ ವಾಲಿದ್ದರೆ ಹೋಳುಗಳೇ ಬೇರೆ. ನಡುವೆ ಆಸ್ಪತ್ರೆ ಯಂತ್ರ ಬದಲಾಯಿಸಿದ್ದರೆ ಕೇಳುವುದೇ ಬೇಡ. ಔಷಧದಿಂದ ಆಗುವ ಬದಲಾವಣೆಗಿಂತ ಗೆರೆ ಎಳೆಯುವ ಕೈಯ ತಪ್ಪೇ ದೊಡ್ಡದಾದರೆ ಪ್ರಯೋಗದ ಕಥೆ ಮುಗಿಯಿತು.

ಆದ್ದರಿಂದ ಕಂಪ್ಯೂಟರಿಗೆ ಕಲಿಸಬೇಕು. ಹ್ಯೂಸ್ಟನ್ನಿನ ಉಪಾಯ ಸರಳವೂ ಜಾಣತನದ್ದೂ ಆಗಿತ್ತು. ಒಂದೇ ಹೋಳಿನ ಎರಡು ಬಗೆಯ ಚಿತ್ರ ತೆಗೆಯುತ್ತಾರೆ. ಆಗ ಮಿದುಳಿನ ಪ್ರತಿ ಬಿಂದುವಿಗೂ ಎರಡು ಅಂಕಿ ಸಿಗುತ್ತವೆ. ಅವನ್ನು ನಕ್ಷೆಯ ಮೇಲೆ ಗುರುತಿಸಿದರೆ ಬೂದು ಭಾಗದ ಬಿಂದುಗಳೆಲ್ಲ ಒಂದು ಕಡೆ ಗುಂಪಾಗುತ್ತವೆ, ಬಿಳಿ ಭಾಗದವು ಇನ್ನೊಂದು ಕಡೆ, ಮಿದುಳನ್ನು ಸುತ್ತುವ ದ್ರವದವು ಮತ್ತೊಂದು ಕಡೆ. ಊರುಗಳ ಹಾಗೆ. ಹೊಸ ಬಿಂದು ಯಾವ ಊರಿಗೆ ಸೇರಿದ್ದು ಎಂದು ಯಂತ್ರ ಸಂಭಾವ್ಯತೆಯ ಲೆಕ್ಕ ಹಾಕಿ ಹೇಳುತ್ತದೆ.

ಕಷ್ಟವೆಂದರೆ ಕಲೆಗಳಿಗೆ ತಮ್ಮದೇ ಊರಿಲ್ಲ. ಅವು ಬೇರೆ ಊರುಗಳ ಗಡಿಯಲ್ಲಿ ಬಿಡಾರ ಹೂಡುತ್ತವೆ. ಹರಿಯುವ ದ್ರವವೂ ಕಲೆಯಂತೆ ಹೊಳೆಯುತ್ತದೆ, ಎರಡು ಅಂಗಾಂಶಗಳು ಸೇರುವ ಅಂಚೂ ಕಲೆಯ ವೇಷ ಹಾಕುತ್ತದೆ. 1997ರಲ್ಲಿ ಬ್ಯಾರಿ ಬೆಡೆಲ್, ನಾರಾಯಣ, ವೊಲಿನ್‌ಸ್ಕಿ ಬರೆದದ್ದು ಈ ಹುಸಿ ಕಲೆಗಳನ್ನು ಸೋಸುವ ಬಗೆಯನ್ನೇ. ದ್ರವದ ಹೊಳಪನ್ನು ಅಡಗಿಸುವ 'ಫ್ಲೇರ್' ಎಂಬ ಚಿತ್ರಣವನ್ನು ಹ್ಯಾಮರ್‌ಸ್ಮಿತ್‌ನವರು 1992ರಲ್ಲಿ ತಂದಿದ್ದರು. ಅದಕ್ಕೆ ಇನ್ನೆರಡು ತಂತ್ರ ಬೆರೆಸಿ ಹ್ಯೂಸ್ಟನ್ನಿನವರು ಮಾಡಿದ ಚಿತ್ರಣಕ್ಕೆ 'ಅಫರ್ಮೇಟಿವ್' ಎಂದು ಹೆಸರಿಟ್ಟರು. ಉದ್ದನೆಯ ತಾಂತ್ರಿಕ ಹೆಸರಿನ ಅಕ್ಷರಗಳನ್ನು ಹೆಕ್ಕಿ ಪೋಣಿಸಿದ್ದು. ಈ ವಿಜ್ಞಾನಿಗಳಿಗೆ ಪದಬಂಧದ ಚಟ ನಮಗಿಂತ ಹೆಚ್ಚು! 2006ರಲ್ಲಿ ಸಜ್ಜ, ದತ್ತ ಮೊದಲಾದವರು ನಾರಾಯಣರ ಜೊತೆ ಸೇರಿ ಈ ಸೋಸುವಿಕೆಗಳನ್ನೆಲ್ಲ ಒಂದೇ ವಿಧಾನದಲ್ಲಿ ಹೆಣೆದರು. ಈ ಲೇಖನಗಳ ನೆತ್ತಿಯ ಮೇಲಿನ ಹೆಸರುಗಳನ್ನು ಓದುತ್ತಾ ಹೋದರೆ ಅರ್ಧಕ್ಕರ್ಧ ನಮ್ಮ ದೇಶದ ಹೆಸರುಗಳು. ವೈದ್ಯರು, ಸಾಫ್ಟ್‌ವೇರ್‌ನವರು ಎಂಬ ಎರಡೇ ಡಬ್ಬಿಗಳಲ್ಲಿ ನಮ್ಮ ವಲಸೆಯ ಕಥೆಯನ್ನು ತುಂಬುವವರು ಇದನ್ನು ಗಮನಿಸಬಹುದು.

ಈ ಅಳತೆಗೆ ದೊಡ್ಡ ಪರೀಕ್ಷೆ ಬಂದದ್ದು 'ಕಾಂಬಿಆರ್‌ಎಕ್ಸ್' ಎಂಬ ಪ್ರಯೋಗದಲ್ಲಿ. ನ್ಯೂಯಾರ್ಕಿನ ಫ್ರೆಡ್ ಲಬ್ಲಿನ್ ಅದರ ಮುಖ್ಯಸ್ಥರು, ಹಣ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯದು, ಚಿತ್ರಗಳನ್ನೆಲ್ಲ ಅಳೆಯುವ ಹೊಣೆ ಹ್ಯೂಸ್ಟನ್ನಿನದು. 2005ರಿಂದ 2009ರವರೆಗೆ 1008 ರೋಗಿಗಳನ್ನು ಸೇರಿಸಿಕೊಂಡರು. ಇಂಟರ್‌ಫೆರಾನ್, ಗ್ಲಾಟಿರಾಮರ್ ಎಂಬ ಎರಡು ಚುಚ್ಚುಮದ್ದುಗಳನ್ನು ಒಟ್ಟಿಗೆ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಮೇಲೇ ಎಂಬುದು ಪ್ರಶ್ನೆ. 2013ರಲ್ಲಿ ಉತ್ತರ ಬಂತು, ಒಂದಲ್ಲ ಎರಡು. ಚಿತ್ರವನ್ನು ಕೇಳಿದರೆ, ಹೌದು, ಎರಡನ್ನೂ ಕೊಟ್ಟವರಲ್ಲಿ ಹೊಸ ಕಲೆಗಳು ಕಡಿಮೆ. ರೋಗಿಯನ್ನು ಕೇಳಿದರೆ, ಇಲ್ಲ, ರೋಗ ಮರುಕಳಿಸುವುದರಲ್ಲಿ ಗ್ಲಾಟಿರಾಮರ್ ಒಂದನ್ನೇ ಪಡೆದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಇದು ಹೊಸ ಸಮಸ್ಯೆಯಲ್ಲ. ಚಿತ್ರದಲ್ಲಿ ಕಲೆ ತುಂಬಿದವರು ನಡೆದುಕೊಂಡು ಬರುತ್ತಾರೆ, ಕೆಲವೇ ಕಲೆ ಇರುವವರು ಗಾಲಿಕುರ್ಚಿಯಲ್ಲಿ ಬರುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಫ್ರೆಡರಿಕ್ ಬಾರ್ಕ್‌ಹಾಫ್ 2002ರಲ್ಲಿ ಈ ವಿರೋಧಾಭಾಸವನ್ನು ವಿವರವಾಗಿ ಚರ್ಚಿಸಿದ್ದರು. ಕಾರಣಗಳು ಹಲವು. ಮಿದುಳಿನಲ್ಲಿ ಸದ್ದಿಲ್ಲದ ಪ್ರದೇಶಗಳಿವೆ, ಅಲ್ಲಿ ದೊಡ್ಡ ಕಲೆ ಕೂತರೂ ಗೊತ್ತಾಗದು. ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿಯಲ್ಲಿ ಕಾಳಿನಷ್ಟು ಕಲೆ ಬಿದ್ದರೂ ಕಾಲು ಹೋಗುತ್ತದೆ. ಬೂದು ಭಾಗದ ಕಲೆಗಳು ಮಾಮೂಲಿ ಚಿತ್ರದಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲ. ಚಿತ್ರದಲ್ಲಿ ಸ್ವಚ್ಛವಾಗಿ ಕಾಣುವ ಬಿಳಿ ಭಾಗವೂ ನಿಜದಲ್ಲಿ ಸ್ವಚ್ಛವಲ್ಲ. ಜೊತೆಗೆ, ಮಿದುಳು ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕಿಕೊಳ್ಳುತ್ತದೆ, ಆ ಶಕ್ತಿ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಎಣಿಕೆ ನಿಖರವಾದಷ್ಟೂ ಅದು ಏನನ್ನು ಹೇಳುವುದಿಲ್ಲ ಎಂಬುದೂ ನಿಖರವಾಗುತ್ತಾ ಬಂತು. ಹಿಂದೆ ಕಲೆ ಕಾಣದೆ ಹೆಂಗಸರ ಮಾತನ್ನು ನಂಬದೆ ಹೋದರು. ಈಗ ಕಲೆ ಹೆಚ್ಚಿಲ್ಲ ಎಂಬ ಕಾರಣಕ್ಕೆ ಸುಸ್ತನ್ನು ನಂಬದಿದ್ದರೆ ವ್ಯತ್ಯಾಸವೇನು?

ಇರಲಿ, ಕಾಂಬಿಆರ್‌ಎಕ್ಸ್‌ನಿಂದ ಇನ್ನೊಂದು ಲಾಭವಾಯಿತು, ಅದನ್ನು ಶುರುಮಾಡಿದಾಗ ಯಾರೂ ಊಹಿಸದ್ದು. ಸಾವಿರಕ್ಕೂ ಹೆಚ್ಚು ರೋಗಿಗಳ ಚಿತ್ರಗಳು, ಪ್ರತಿಯೊಂದರಲ್ಲೂ ಹಳೆಯ ವಿಧಾನದಿಂದ ಗುರುತಿಸಿ ತಜ್ಞರು ಕಣ್ಣಾರೆ ತಿದ್ದಿದ ಕಲೆಗಳು. 2015ರಲ್ಲಿ ಜರ್ಮನಿಯ ಫ್ರೈಬುರ್ಗಿನಿಂದ 'ಯು-ನೆಟ್' ಎಂಬ ನರಜಾಲದ ವಿನ್ಯಾಸ ಹೊರಬಂದಿತ್ತು. ನಿಯಮ ಹೇಳಿಕೊಡುವ ಬದಲು ಉದಾಹರಣೆ ತೋರಿಸಿ ಕಲಿಸುವ ಪದ್ಧತಿ ಅದು. ಮಗುವಿಗೆ ಮಾವಿನಕಾಯಿಯ ವ್ಯಾಖ್ಯೆ ಹೇಳದೆ ಮಾವಿನಕಾಯಿ ತೋರಿಸಿದ ಹಾಗೆ. ಹ್ಯೂಸ್ಟನ್ನಿನ ರೆಫಾತ್ ಗಬ್ರ್, ನಾರಾಯಣ ಮತ್ತಿತರರು ತಮ್ಮ ಭಂಡಾರವನ್ನು ಈ ಜಾಲದ ಮುಂದೆ ಸುರಿದರು. ಅಷ್ಟು ದೊಡ್ಡ ಲೆಕ್ಕಕ್ಕೆ ಬೇಕಾದ ಯಂತ್ರಬಲವನ್ನು ಆಸ್ಟಿನ್ನಿನ ಟೆಕ್ಸಸ್ ಅಡ್ವಾನ್ಸ್‌ಡ್ ಕಂಪ್ಯೂಟಿಂಗ್ ಸೆಂಟರ್ ಒದಗಿಸಿತು.

2019-20ರಲ್ಲಿ ಬಂದ ಫಲಿತಾಂಶಗಳಲ್ಲಿ ಎರಡನ್ನು ಹೇಳುತ್ತೇನೆ. ಯಂತ್ರ ಎಳೆದ ಗೆರೆಗೂ ತಜ್ಞರ ಗೆರೆಗೂ ಹೊಂದಿಕೆಯನ್ನು 0ಯಿಂದ 1ರವರೆಗಿನ ಅಂಕಿಯಲ್ಲಿ ಹೇಳುವ ರೂಢಿಯಿದೆ. ಬಿಳಿ ಭಾಗ, ಬೂದು ಭಾಗಗಳಿಗೆ ಅದು 0.95ರ ಆಸುಪಾಸು ಬಂತು, ಕಲೆಗಳಿಗೆ 0.82. ಎರಡನೆಯದು, ಮಿದುಳಿನ ಮಾಮೂಲಿ ಭಾಗಗಳನ್ನು ಗುರುತಿಸಲು ಹತ್ತು ಜನರ ಚಿತ್ರ ತೋರಿಸಿದರೂ ಯಂತ್ರ ಕಲಿಯುತ್ತದೆ, ಕಲೆಗಳನ್ನು ಗುರುತಿಸಲು ಕನಿಷ್ಠ ಐವತ್ತು ಬೇಕು. ಆರೋಗ್ಯವಂತ ಭಾಗಗಳು ಎಲ್ಲರಲ್ಲೂ ಹೆಚ್ಚು ಕಡಿಮೆ ಒಂದೇ, ಕಲೆ ಮಾತ್ರ ಅವರವರದು. ಯಂತ್ರ ತಾನೇ ಕಲಿಯಿತು ಎಂದು ಪತ್ರಿಕೆಗಳು ಬರೆಯುವಾಗ ನನಗೆ ನೆನಪಾಗುವುದು ಹತ್ತಾರು ವರ್ಷ ಪರದೆಯ ಮುಂದೆ ಕೂತು ಗೆರೆಗಳನ್ನು ತಿದ್ದಿದವರು. ಯಂತ್ರ ಕಲಿತದ್ದು ಅವರ ಕಣ್ಣನ್ನು.

ಅದೇ ಗುಂಪು 2020ರಲ್ಲಿ ಇನ್ನೂ ಒಂದು ಹೆಜ್ಜೆ ಇಟ್ಟಿತು. ಕಲೆ ಹೊಸದೋ ಹಳೆಯದೋ ತಿಳಿಯಲು ರಕ್ತನಾಳಕ್ಕೆ ಗಡೋಲಿನಿಯಂ ಎಂಬ ಲೋಹದ ಸಂಯುಕ್ತವನ್ನು ಚುಚ್ಚುತ್ತಾರೆ, ಹೊಸ ಕಲೆ ಅದನ್ನು ಹೀರಿ ಹೊಳೆಯುತ್ತದೆ. ಈ ಲೋಹ ಮಿದುಳಿನಲ್ಲಿ ಅಲ್ಪಸ್ವಲ್ಪ ಉಳಿದುಬಿಡುತ್ತದೆ ಎಂದು 2014ರಲ್ಲಿ ಜಪಾನಿನಿಂದ ವರದಿ ಬಂದ ಮೇಲೆ ಎಲ್ಲರಿಗೂ ಮುಜುಗರ. ಚುಚ್ಚದೆಯೇ, ಮಾಮೂಲಿ ಚಿತ್ರ ನೋಡಿ ಯಂತ್ರ ಹೇಳಬಹುದೇ? ಹೋಳು ಹೋಳಾಗಿ ನೋಡಿದಾಗ ಹೊಸ ಕಲೆ ಇದ್ದುದನ್ನು ನೂರಕ್ಕೆ 78 ಸಲ ಸರಿಯಾಗಿ ಹೇಳಿತು, ಇಲ್ಲದ್ದನ್ನು 73 ಸಲ. ಸೂಜಿಯನ್ನು ಬಿಡುವಷ್ಟು ಒಳ್ಳೆಯದಲ್ಲ, ಮನುಷ್ಯನ ಕಣ್ಣಿಗೆ ಕಾಣದ ಯಾವುದೋ ಸುಳಿವು ಅಲ್ಲಿದೆ ಎನ್ನಲು ಸಾಕು.

ಈಗ ನಮ್ಮ ಡಾಲಸ್ಸಿಗೆ. ಎಂ.ಆರ್.ಐ. ಯಂತ್ರಗಳು ಊರೂರಿಗೆ ಬಂದ ಮೇಲೆ ಹೊಸ ಬಗೆಯ ಜನ ಕಾಣಿಸಿಕೊಂಡರು. ತಲೆನೋವೆಂದೋ ಕಾರು ಅಪಘಾತವೆಂದೋ ಸ್ಕ್ಯಾನ್ ಮಾಡಿಸಿಕೊಂಡವರು, ಎಂ.ಎಸ್.ನ ಲಕ್ಷಣ ಒಂದೂ ಇಲ್ಲ, ಆದರೆ ಚಿತ್ರದಲ್ಲಿ ಎಂ.ಎಸ್.ನ ಕಲೆಗಳೇ. ಇವರನ್ನು ಏನೆಂದು ಕರೆಯುವುದು? 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಗಡಿಗರೊಂದಿಗೆ ಈ ಸ್ಥಿತಿಗೆ 'ರೇಡಿಯಲಾಜಿಕಲಿ ಐಸೊಲೇಟೆಡ್ ಸಿಂಡ್ರೋಮ್' ಎಂದು ಹೆಸರಿಟ್ಟ ಡ್ಯಾರಿನ್ ಒಕುಡಾ ಮುಂದೆ ಯು.ಟಿ. ಸೌತ್‌ವೆಸ್ಟರ್ನ್‌ಗೆ ಬಂದರು. ಕಲೆಯ ಮೂರು ಆಯಾಮದ ಆಕಾರವನ್ನೇ ಕಂಪ್ಯೂಟರಿನಲ್ಲಿ ಕಟ್ಟಿ ನೋಡುವ ಕೆಲಸವೂ ಅವರ ಗುಂಪಿನದು. ಎಂ.ಎಸ್. ಕಲೆಗಳ ಮೈ ಹೆಚ್ಚು ಒರಟು, ಅಂಕುಡೊಂಕು. ಬೇರೆ ಕಾರಣಗಳಿಂದ ಬರುವ ಬಿಳಿ ಚುಕ್ಕೆಗಳು ಅಷ್ಟು ಜಟಿಲವಲ್ಲ ಎಂದು 2017ರ ಲೇಖನದಲ್ಲಿ ತೋರಿಸಿದರು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಎರಡನ್ನೂ ಆಸ್ತಿಯಂತೆ ಹಂಚಿಕೊಂಡಿರುವ ನಮ್ಮ ಮನೆತನಗಳಲ್ಲಿ ವಯಸ್ಸಾದವರ ಮಿದುಳಿನಲ್ಲಿ ಬಿಳಿ ಚುಕ್ಕೆ ಕಂಡ ಕೂಡಲೇ ಎದೆಯೊಡೆದುಕೊಳ್ಳಬೇಕಾಗಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹೀಗೆ ಆಕಸ್ಮಿಕವಾಗಿ ಕಲೆ ಕಂಡ 451 ಜನರನ್ನು ಹಿಂಬಾಲಿಸಿ ನೋಡಿದಾಗ ಐದು ವರ್ಷದಲ್ಲಿ ಮೂರರಲ್ಲಿ ಒಂದು ಪಾಲು ಜನಕ್ಕೆ ಮೊದಲ ಲಕ್ಷಣ ಬಂತು. ಉಳಿದ ಎರಡು ಪಾಲಿಗೆ ಬರಲಿಲ್ಲ. ಏನೂ ತೊಂದರೆ ಇಲ್ಲದವರಿಗೆ ಔಷಧ ಕೊಡಬೇಕೇ? 2023ರಲ್ಲಿ ಒಕುಡಾ ಮುಂದಾಳಾಗಿದ್ದ 'ಅರೈಸ್' ಪ್ರಯೋಗ ಪ್ರಕಟವಾಯಿತು. 87 ಜನ, 96 ವಾರ, ಡೈಮೀಥೈಲ್ ಫ್ಯೂಮರೇಟ್ ಎಂಬ ಮಾತ್ರೆ. ಮೊದಲ ಲಕ್ಷಣ ಬರುವ ಅಪಾಯ ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. 2024ರ ಪರಿಷ್ಕೃತ ಮೆಕ್‌ಡೊನಾಲ್ಡ್ ನಿಯಮಗಳ ಪ್ರಕಾರ ಇಂಥವರಲ್ಲಿ ಕೆಲವರನ್ನು ಲಕ್ಷಣವೇ ಇಲ್ಲದಿದ್ದರೂ ಎಂ.ಎಸ್. ರೋಗಿ ಎಂದು ಕರೆಯಬಹುದು. ಶಾರ್ಕೊನ ಕಾಲದಲ್ಲಿ ರೋಗಿ ಸತ್ತ ಮೇಲೆ ಕಲೆ ಕಾಣುತ್ತಿತ್ತು. ಈಗ ರೋಗಿಯಾಗುವ ಮೊದಲೇ ಕಾಣುತ್ತದೆ. ಒಳ್ಳೆಯದೇ. ಆದರೆ ಉಳಿದ ಆ ಎರಡು ಪಾಲು ಜನ ಮನೆ, ಮದುವೆ, ಕೆಲಸ, ವಿಮೆಯ ನಡುವೆ ಈ ಚಿತ್ರವನ್ನು ತಲೆಯಲ್ಲಿ ಹೊತ್ತು ಬದುಕುವುದರ ಲೆಕ್ಕವನ್ನು ಯಾವ ಜಾಲವೂ ಹಾಕಿಲ್ಲ.

ಇದೆಲ್ಲ ಬಿಳಿಯರ ರೋಗ, ನಮಗೇಕೆ ಎನ್ನುವವರಿದ್ದಾರೆ. ಭಾರತದ ವೈದ್ಯರೂ ಬಹಳ ಕಾಲ ಹಾಗೆಯೇ ತಿಳಿದಿದ್ದರು. ಪಾರ್ಸಿಗಳಲ್ಲಿ ಹೆಚ್ಚು ಎಂದು ಮುಂಬಯಿಯ ನೋಶಿರ್ ವಾಡಿಯಾ 1990ರಲ್ಲಿ ಬರೆದಾಗ, ಅವರಾದರೂ ಇರಾನಿನಿಂದ ಬಂದವರು ಎಂಬ ಸಮಾಧಾನವಿತ್ತು. ಅದನ್ನು ಕೆಡಿಸಿದವರಲ್ಲಿ ನಮ್ಮ ದಕ್ಷಿಣ ಕನ್ನಡದವರಿದ್ದಾರೆ. ಮಂಗಳೂರಿನ ಪಕ್ಕದ ದೇರಳಕಟ್ಟೆಯಲ್ಲಿ ನಿಟ್ಟೆ ವಿಶ್ವವಿದ್ಯಾಲಯದ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಡಾ. ಲೇಖಾ ಪಂಡಿತ್ ಇಂಥ ರೋಗಿಗಳ ದಾಖಲೆ ಪುಸ್ತಕವನ್ನು ತೆರೆದರು. 2014ರಲ್ಲಿ ಅವರ ತಂಡ ಪ್ರಕಟಿಸಿದ ಲೆಕ್ಕದಂತೆ ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು 8 ಜನಕ್ಕೆ ಎಂ.ಎಸ್. ಇದೆ. ಅಮೆರಿಕದಲ್ಲಿ ವಯಸ್ಕರಲ್ಲಿ ಲಕ್ಷಕ್ಕೆ 300ರ ಮೇಲೆ ಎಂಬ 2019ರ ಅಂದಾಜಿನ ಮುಂದೆ ಇದು ಸಣ್ಣದು, ಆದರೆ ಇಲ್ಲವೆನ್ನುವಷ್ಟಲ್ಲ. ಯುರೋಪಿನವರಲ್ಲಿ ಈ ರೋಗಕ್ಕೆ ದಾರಿ ಮಾಡುವ ವಂಶವಾಹಿ ಗುರುತುಗಳಲ್ಲಿ ಹಲವು ನಮ್ಮವರಲ್ಲೂ ಅದೇ ಕೆಲಸ ಮಾಡುತ್ತವೆ ಎಂಬುದನ್ನೂ ಅವರು ತೋರಿಸಿದ್ದಾರೆ.

ವಲಸೆ ಬಂದ ನಮಗೆ ಮುಖ್ಯವಾದ ಇನ್ನೊಂದು ಅಧ್ಯಯನ ಇಂಗ್ಲೆಂಡಿನದು. ಭಾರತ ಉಪಖಂಡದಿಂದ ಅಲ್ಲಿಗೆ ಹೋದವರಲ್ಲಿ ಎಂ.ಎಸ್. ವಿರಳವಾಗಿತ್ತು. ಅಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಅದು ಇಂಗ್ಲಿಷರಷ್ಟೇ ಎನ್ನುವ ಮಟ್ಟಕ್ಕೆ ಏರಿದೆ ಎಂದು ಎಲಿಯಾನ್, ನೈಟಿಂಗೇಲ್, ಡೀನ್ 1990ರಲ್ಲಿ ವರದಿ ಮಾಡಿದರು. ಬಿಸಿಲು, ಬಾಲ್ಯದ ಸೋಂಕುಗಳು, ಇನ್ನೇನೇನೋ ಕಾರಣ ಹೇಳುತ್ತಾರೆ. ಮಕ್ಕಳು ಇಲ್ಲಿಯ ಉಚ್ಚಾರಣೆಯನ್ನು ಮಾತ್ರ ಕಲಿಯುವುದಲ್ಲ.

ಆದರೆ ನಮ್ಮವರ ಮಿದುಳಿನ ಚಿತ್ರ ಓದುವಾಗ ಒಂದು ಎಚ್ಚರ ಬೇಕು. ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ರೋಗವಿದೆ. ಅದೂ ಕಣ್ಣಿನ ನರ, ಬೆನ್ನುಹುರಿಗಳನ್ನೇ ಹಿಡಿಯುತ್ತದೆ. ಏಷ್ಯಾದ ಇಂಥ ರೋಗಿಗಳಲ್ಲಿ ಅನೇಕರನ್ನು ದಶಕಗಳ ಕಾಲ 'ಏಷ್ಯನ್ ಬಗೆಯ ಎಂ.ಎಸ್.' ಎಂದು ಕರೆದರು. 2004ರಲ್ಲಿ ಮೇಯೊ ಕ್ಲಿನಿಕ್ಕಿನ ವ್ಯಾಂಡಾ ಲೆನನ್ ತಂಡ ಈ ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯ ಕಂಡುಹಿಡಿಯಿತು. ಮರುವರ್ಷ ಅದರ ಗುರಿ ಅಕ್ವಾಪೊರಿನ್-4 ಎಂಬ ನೀರಿನ ಕಾಲುವೆ ಎಂದು ತಿಳಿಯಿತು. ಎರಡೂ ಬೇರೆ ಬೇರೆ ರೋಗಗಳು. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮಾಡ್, ನಟಾಲಿಜುಮಾಬ್‌ಗಳು ಈ ರೋಗವನ್ನು ಕೆರಳಿಸಬಲ್ಲವು. ಮಂಗಳೂರಿನ ಅದೇ 2014ರ ಲೆಕ್ಕದಲ್ಲಿ ಎಂ.ಎಸ್. ಮೂವರಿಗೆ ಇದ್ದರೆ ಇದು ಒಬ್ಬರಿಗೆ ಎಂಬಷ್ಟು ಪ್ರಮಾಣ ಕಂಡಿತ್ತು. ಅಮೆರಿಕದ ಬಿಳಿಯರಲ್ಲಿ ಇದು ತೀರಾ ವಿರಳ. ಉತ್ತರ ಅಮೆರಿಕದ ಎಂ.ಎಸ್. ರೋಗಿಗಳ ಚಿತ್ರಗಳಲ್ಲೇ ಪಳಗಿದ ಯಂತ್ರಕ್ಕೆ ಬಿಳಿ ಚುಕ್ಕೆ ಎಂದರೆ ಎಂ.ಎಸ್. ಚುಕ್ಕೆಯೇ.

ದೇರಳಕಟ್ಟೆಯ ಪ್ರಯೋಗಾಲಯದಲ್ಲಿ ಈ ಪ್ರತಿಕಾಯದ ಪರೀಕ್ಷೆ ಮಾಡುತ್ತಾರೆ. ಇಲ್ಲಿ ಹ್ಯಾರಿ ಹೈನ್ಸ್ ರಸ್ತೆಯಲ್ಲೂ ಬೆಂಜಮಿನ್ ಗ್ರೀನ್‌ಬರ್ಗ್ ಈ ರೋಗಕ್ಕೆಂದೇ ಚಿಕಿತ್ಸಾಲಯ ಕಟ್ಟಿದರು. 2019-20ರಲ್ಲಿ ಇದಕ್ಕೆಂದೇ ಮೂರು ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ನಮ್ಮ ಮನೆಯ ಯಾರಿಗಾದರೂ ಒಂದು ಕಣ್ಣು ಹಠಾತ್ತನೆ ಮಂಜಾಗಿ, ಸ್ಕ್ಯಾನಿನಲ್ಲಿ ಕಲೆ ಕಂಡು, ಎಂ.ಎಸ್. ಎಂಬ ಮಾತು ಬಂದರೆ, ಔಷಧ ಶುರುಮಾಡುವ ಮೊದಲು ಅಕ್ವಾಪೊರಿನ್-4 ಮತ್ತು ಅದರ ಜೊತೆಗೆ ಈಗ ನೋಡುವ ಮಾಗ್ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಅದಕ್ಕೆ ಬೇಕಾದದ್ದು ತೋಳಿನಿಂದ ತೆಗೆದ ಸ್ವಲ್ಪ ರಕ್ತ.